ಕೈಗೆ ಸಿಗುವ ತಪ್ಪು

ನನ್ನ ಭಾಷಣವನ್ನು ಊರಿನವರು ಅಷ್ಟು ಗಮನ ಕೊಟ್ಟು ಕೇಳುತ್ತಾರೆ ಎಂದು ಗೊತ್ತಿದ್ದರೆ ನಾನು ಅಂದು ಬಾಯಿಯನ್ನೇ ಬಿಡುತ್ತಿರಲಿಲ್ಲ. ಸ್ವಾತಂತ್ರ್ಯ ದಿನದ ಭಾಷಣವನ್ನು ಯಾರು ಕೇಳುತ್ತಾರೆ ಹೇಳಿ? ಧ್ವಜ ಏರುತ್ತದೆ, ಹುಡುಗರು ಲಾಡುವಿಗೆ ಕಾಯುತ್ತಾರೆ, ದೊಡ್ಡವರು ಮೊಬೈಲು ನೋಡುತ್ತಾರೆ. ಹತ್ತನೆಯ ತರಗತಿಯ ಸಮತಾ ಎಂಬ ಹುಡುಗಿ ಹವಾಮಾನ ಬದಲಾವಣೆಯ ಬಗ್ಗೆ ಏನು ಒದರಿದಳು ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರಬಾರದಿತ್ತು. ಆದರೆ ಈ ವರ್ಷ ಮಳೆ ಹೋಗಿತ್ತು. ಮಳೆ ಎಂಬ ಶಬ್ದ ಯಾರ ಬಾಯಿಂದ ಬಂದರೂ ಊರು ಕಿವಿ ನೆಟ್ಟಗೆ ಮಾಡುತ್ತಿತ್ತು.

ನಮ್ಮದು ತಿಳವಳ್ಳಿಯಿಂದ ಹಂಸಭಾವಿ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸಿಗುವ ಸಣ್ಣ ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಬೈಸಿಕೊಳ್ಳುವವಳು ನಾನಲ್ಲ, ನನ್ನ ಅಪ್ಪ. ನಮ್ಮ ಬಾಯಲ್ಲಿ ಗೊಂಜಾಳ ಎನ್ನುವ ಗೋವಿನಜೋಳವೇ ಊರಿನ ಬೆಳೆ. ಜುಲೈಯಲ್ಲಿ ಮೊಣಕಾಲು ದಾಟಿ ಚೆನ್ನಾಗಿ ಎದ್ದಿತ್ತು. ಇನ್ನೇನು ತೆನೆ ಕಟ್ಟಬೇಕು ಎನ್ನುವಾಗ ಮೋಡ ಕಾಣೆಯಾಯಿತು. ಊರು ತನಗೆ ತಿಳಿದದ್ದನ್ನೆಲ್ಲ ಮಾಡಿತು. ರೊಟ್ಟಿ ಹಂಚಿನ ಮೇಲೆ ಮಳೆ ಕರೆಯುವ ಸೆಗಣಿ ಗೊಂಬೆ ಗುರ್ಜಿಯನ್ನು ಕೂರಿಸಿಕೊಂಡು ಹುಡುಗರು ಮನೆಮನೆ ತಿರುಗಿದರು. ಕುಡಿಯಲು ಸಾಲದ ನೀರನ್ನು ಹೆಂಗಸರು ಕೊಡಗಟ್ಟಲೆ ಅವರ ತಲೆಯ ಮೇಲೆ ಸುರಿದರು. ಎರಡು ಕತ್ತೆ ಹಿಡಿದು ತಂದು ಬಾಸಿಂಗ ಕಟ್ಟಿ ಮದುವೆ ಮಾಡಿದರು. ಗುಡಿಯಲ್ಲಿ ಹಗಲಿರುಳು ಭಜನೆ ಕೂತರು. ಆಕಾಶ ಮಾತ್ರ ಉಜ್ಜಿ ತೊಳೆದ ಹಿತ್ತಾಳೆ ಕೊಡದಂತೆ ಹೊಳೆಯುತ್ತಲೇ ಇತ್ತು.

ಭಾಷಣ ನನ್ನದೆಂದು ಹೇಳಿದೆ. ನಿಜವಾಗಿ ಅದು ಪ್ರಾಣೇಶ ಸರ್ ಬರೆದದ್ದು. ಪ್ರಾಣೇಶ ಸರ್ ನಮ್ಮ ವಿಜ್ಞಾನದ ಮಾಸ್ತರರು, ಹಾನಗಲ್ಲಿನಿಂದ ದಿನಾ ಬೈಕಿನಲ್ಲಿ ಬರುತ್ತಾರೆ. ಓದಿಕೊಂಡ ಮನೆತನ, ಅವರ ಅಜ್ಜ ಮುತ್ತಜ್ಜರೆಲ್ಲ ಶಾಸ್ತ್ರ ಹೇಳಿದವರಂತೆ. ನನಗೂ ಅಂಬರೀಶನಿಗೂ ಹವಾಮಾನದ ಹುಚ್ಚು ಹಿಡಿಸಿದವರು ಅವರೇ. ಅಂಬರೀಶ ನನ್ನ ತರಗತಿಯವನು, ಮೇಲಿನ ಓಣಿಯ ರೈತರ ಮನೆಯ ಹುಡುಗ. ನಾವಿಬ್ಬರೂ ಸೇರಿ ಗಾಜಿನ ಪೆಟ್ಟಿಗೆಯೊಳಗೆ ಊದುಬತ್ತಿ ಹೊಗೆ ತುಂಬಿ, ಮೇಲೊಂದು ಬಲ್ಬು ಹಚ್ಚಿ, ಒಳಗಿನ ಥರ್ಮಾಮೀಟರು ಹೇಗೆ ಏರುತ್ತದೆ ನೋಡಿ ಎಂದು ತೋರಿಸಿ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ತಂದಿದ್ದೆವು.

ಆ ಖುಷಿಗೆ ಸರ್ ನಮ್ಮ ತರಗತಿಯನ್ನು ಗೊಟಗೋಡಿಯ ರಾಕ್ ಗಾರ್ಡನ್‌ಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹಳ್ಳಿಗೆ ಹಳ್ಳಿಯನ್ನೇ ಮೂರ್ತಿ ಮಾಡಿ ಇಟ್ಟಿದ್ದಾರಲ್ಲ, ಎತ್ತು, ಬಂಡಿ, ರೊಟ್ಟಿ ಬಡಿಯುವ ಹೆಂಗಸು ಎಲ್ಲ. ಅಂಬರೀಶ ಒಂದು ಎತ್ತಿನ ಬೆನ್ನು ತಟ್ಟಿ, "ನೋಡ್ಕೊ ಸಮತಾ, ಇನ್ನ ಸ್ವಲ್ಪ ವರ್ಷಕ್ಕ ನಮ್ಮೂರಾಗೂ ಇಂಥಾವ ಉಳಿತಾವ. ಇವಕ್ಕ ಮಳಿ ಬೇಕಾಗಂಗಿಲ್ಲ" ಎಂದ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಮಗಿಬ್ಬರಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಹೆದರುವ ಬದಲು ನಗುವುದನ್ನು ಕಲಿತಿದ್ದೆವು. ತರಗತಿಯ ಉಳಿದವರಿಗೆ ಅದು ನಾಲ್ಕು ಅಂಕದ ಪ್ರಶ್ನೆ. ಹಿಂದಿನ ಬೆಂಚಿನ ಮುಜಮ್ಮಿಲ ಒಮ್ಮೆ ಎದ್ದು ನಿಂತು, "ಸರ್ರ, ಎರಡು ಸಾವಿರದ ಐವತ್ತಕ್ಕ ನಾವೆಲ್ಲಾ ನಲವತ್ತು ದಾಟಿರ್ತೇವಿ. ಆವಾಗ ನೋಡೂಣು ಬಿಡ್ರಿ" ಎಂದಾಗ ಸರ್ ಕೂಡ ನಕ್ಕಿದ್ದರು.

ನಾನು ಮೊದಲು ಬರೆದ ಭಾಷಣದಲ್ಲಿ ಕಾದ ಸಮುದ್ರವಿತ್ತು, ದಿಕ್ಕು ತಪ್ಪಿದ ಗಾಳಿಯಿತ್ತು, ಎಲ್ ನಿನೊ ಇತ್ತು, ಶ್ರೀಮಂತ ದೇಶಗಳ ಹೊಗೆಯಿತ್ತು. ಸರ್ ಅದನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದರು.

"ಇದು ಊರ ಮಂದಿ ತಲಿಗೆ ಹೋಗೂದಿಲ್ಲವಾ. ಮನಸ್ಸಿಗೆ ನಾಟಬೇಕಂದ್ರ ಅವರ ಮಾತಿನಾಗನ ಹೇಳಬೇಕು" ಎಂದು ತಾವೇ ಬರೆದುಕೊಟ್ಟರು. ನಾನು ಬಾಯಿಪಾಠ ಮಾಡಿ, ಬಿಗಿಯಾಗಿ ಜಡೆ ಹಾಕಿಕೊಂಡು, ಧ್ವಜದ ಕಂಬದ ಪಕ್ಕ ನಿಂತು ಹೇಳಿದೆ: "ಭೂಮಿತಾಯಿ ನಮ್ಮ ಮೇಲೆ ಮುನಿದಿದ್ದಾಳೆ. ಮಳೆ ಹೋದದ್ದು ಸುಮ್ಮನೆ ಅಲ್ಲ, ಮನುಷ್ಯನ ತಪ್ಪಿನಿಂದ. ಆ ತಪ್ಪು ಎಲ್ಲಿದೆ ಎಂದು ಹುಡುಕೋಣ, ಹುಡುಕಿ ತಿದ್ದೋಣ. ಇನ್ನೊಬ್ಬರ ದಾರಿ ಕಾಯುವುದು ಬೇಡ, ನಮ್ಮ ಊರಿನಿಂದಲೇ ಶುರುವಾಗಲಿ."

ಚಪ್ಪಾಳೆ ಬಿತ್ತು. ಊರ ಹಿರಿಯರಾದ ಫಕ್ಕೀರಗೌಡರು ಕುರ್ಚಿಯಿಂದ ಎದ್ದು ನಿಂತು "ಭೇಷ್" ಎಂದರು. ನಮ್ಮ ಓಣಿಯ ಮಗುವೊಂದಕ್ಕೆ ಗೌಡರ ಬಾಯಿಂದ ಭೇಷ್ ಬರುವುದು ಸಣ್ಣ ಮಾತಲ್ಲ. ಶಾಲೆಯ ಕಾಂಪೌಂಡಿನ ಆಚೆ ನಿಂತಿದ್ದ ಅಪ್ಪ ಟಾವೆಲಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಅಂದು ಲಾಡು ಬಹಳ ಸಿಹಿಯಾಗಿತ್ತು.

ಈಗ ಆಯಿಯ ವಿಷಯ ಹೇಳಬೇಕು. ಆಯಿ ಎಂದರೆ ನಮ್ಮಪ್ಪನ ಅವ್ವ, ಶಾರವ್ವ. ಅವಳಿಗೆ ತೊನ್ನು ಇತ್ತು. ಅರ್ಧ ಮುಖ, ಕುತ್ತಿಗೆ, ಎರಡೂ ಕೈ ಹಾಲು ಚೆಲ್ಲಿದಂತೆ ಬೆಳ್ಳಗಿದ್ದವು. ಇದು ಅಂಟುವ ರೋಗವಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಸಾಯುತ್ತವೆ, ಅಷ್ಟೇ ಎಂದು ನಾನು ಎಲ್ಲಿಯೋ ಓದಿಕೊಂಡು ಬಂದು ಅವಳಿಗೆ ಹೇಳಿದ್ದೆ. ಆಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಹೌದೇನು? ನಾ ಅರ್ಧಾ ಬ್ರಿಟಿಷರಾಕಿ ಆಗೇನಿ ಅಂತ ತಿಳದಿದ್ನಲ್ಲ" ಎಂದಳು. ಅವಳ ಕೈ ಊರಿಗೆ ಕಳೆ ಕೀಳಲು ಬೇಕಿತ್ತು, ಮೆಣಸಿನಕಾಯಿ ಬಿಡಿಸಲು ಬೇಕಿತ್ತು. ಮದುವೆ ಮನೆಯ ಅರಿಷಿಣಕ್ಕೆ ಬೇಡವಾಗಿತ್ತು. ಅದಕ್ಕೂ ಅವಳು ನಗುತ್ತಿದ್ದಳು. "ಕೆಲಸಕ್ಕ ಕರೀತಾರಲ್ಲ, ಸಾಕು" ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ಹೋದ ದೀಪಾವಳಿಗೆ ನನಗೆ ಎಣ್ಣೆ ಹಚ್ಚಿ ಎರೆಯುವಾಗ ಎಡ ತೋಳಿನ ಒಳಮಗ್ಗುಲಲ್ಲಿ ಆಯಿಯ ಬೆರಳು ನಿಂತುಬಿಟ್ಟಿತು. ಕೊತ್ತಂಬರಿ ಬೀಜದಷ್ಟು ಬಿಳುಪು. ಹಿಟ್ಟು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಮತ್ತೆ ತಿಕ್ಕಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಯಾರಿಗೂ ತೋರಸಬ್ಯಾಡ ಕೂಸ. ನಿಮ್ಮವ್ವಗೂ ಬ್ಯಾಡ. ನನಗೂ ಹಿಂಗ ಸುರು ಆಗಿತ್ತು" ಎಂದಳು. ಅಂದು ಮಾತ್ರ ಅವಳು ನಗಲಿಲ್ಲ.

ಯುಗಾದಿಗೆ ಮುಂಚೆ ಆಯಿ ತೀರಿಕೊಂಡಳು. ಹಳ್ಳದ ದಂಡೆಯಲ್ಲಿರುವ ನಮ್ಮ ಓಣಿಯ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ನಮ್ಮಲ್ಲಿ ಹೂಳುವುದೇ ಪದ್ಧತಿ. ಅಪ್ಪ ಮೈಲಾರಪ್ಪ ಕೂಲಿ ಮಾಡುವವನು, ಹೆಚ್ಚು ಓದಿಲ್ಲ. ಆದರೆ ಮನೆಯಲ್ಲಿ ಬುದ್ಧನ ಫೋಟೊ ಇಟ್ಟವನು, ನನಗೆ ಸಮತಾ ಎಂದು ಹೆಸರಿಟ್ಟವನು. ಆಯಿಯ ತಲೆಯ ಕಡೆ ಒಂದು ಕಲ್ಲು ನೆಟ್ಟು, ಅದರ ಪಕ್ಕ ಅವಳಿಗೆ ಇಷ್ಟವಾದ ಕಣಗಿಲೆಯ ಟೊಂಗೆ ಊರಿ ಬಂದ.

ನಮ್ಮ ಕಡೆ ಒಂದು ನಂಬಿಕೆ ಇದೆ. ತೊನ್ನು ಇದ್ದವರನ್ನು ಹೂತರೆ ಮಳೆ ಹೋಗುತ್ತದೆ. ಭೂಮಿ ಆ ದೇಹವನ್ನು ಒಲ್ಲೆ ಎನ್ನುತ್ತದಂತೆ, ಮೋಡ ಮುಖ ತಿರುಗಿಸುತ್ತದಂತೆ. ಹೆಣ ಹೊರಗೆ ತೆಗೆದು ಸುಟ್ಟರೆ ಮಳೆ ಬರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಇದು ಯಾರಿಗೂ ನೆನಪಾಗುವುದಿಲ್ಲ. ಮಳೆ ಹೋದ ವರ್ಷ ಯಾರಾದರೊಬ್ಬರಿಗೆ ನೆನಪಾಗುತ್ತದೆ, ಒಬ್ಬರಿಗೆ ನೆನಪಾದರೆ ಊರಿಗೆಲ್ಲ ನೆನಪಾಗುತ್ತದೆ.

ಭಾಷಣವಾಗಿ ಎರಡು ವಾರ ಕಳೆದಿರಬೇಕು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂದು ಗಾದೆ ಹೇಳುತ್ತಾರೆ; ಆ ಮಘೆಯೂ ಒಂದು ಹನಿ ಉದುರಿಸಲಿಲ್ಲ. ಅಪ್ಪನಿಗೆ ಕಟ್ಟೆಗೆ ಬರಲು ಹೇಳಿಕೆ ಬಂತು. ನಾನೂ ಹಿಂದೆ ಹೋದೆ. ಹಿರಿಯರೆಲ್ಲ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದರು. ಅಪ್ಪ ಕೆಳಗೆ ನಿಂತ.

"ಮೈಲಾರಪ್ಪ, ನಿಮ್ಮವ್ವನ್ನ ಮಣ್ಣ ಮಾಡಿ ಎಷ್ಟ ದಿನ ಆತು?" ಫಕ್ಕೀರಗೌಡರು ಕೇಳಿದರು.

"ಯುಗಾದಿ ಮುಂದ ರೀ ಗೌಡ್ರ."

"ಆಶ್ಲೇಷ ಹೋತು. ಈಗ ಮಗಿನೂ ಹೋತು. ಆಕಿನ್ನ ಸುಡಬೇಕಾಗಿತ್ತು ಮೈಲಾರಿ. ನಿಮಗ ತಿಳೀಲಿಲ್ಲ, ನಾವೂ ಕೇಳಲಿಲ್ಲ. ಇಬ್ಬರದೂ ತಪ್ಪೈತಿ."

ಗೌಡರು ಜೋರು ಮಾಡಲಿಲ್ಲ. ಅವರು ಕೆಟ್ಟವರಲ್ಲ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅಪ್ಪ ನೆಲ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಗೌಡಜ್ಜಾರ, ನಮ್ಮ ಆಯಿಗೂ ಮಳಿಗೂ ಏನೂ ಸಂಬಂಧ ಇಲ್ರಿ. ಸಮುದ್ರ ಕಾದೈತಿ, ಅದಕ್ಕ ಮೋಡ ಈ ಕಡೆ ಬರವಲ್ಲವು. ಕಾರ್ಖಾನಿ ಹೊಗಿ, ಗಾಡಿ ಹೊಗಿ ಎಲ್ಲಾ ಮ್ಯಾಲ ಹೋಗಿ..."

"ನಮ್ಮೂರಾಗ ಯಾವ ಕಾರ್ಖಾನಿ ಐತವ್ವ?" ಯಾರೋ ಕೇಳಿದರು.

"ನಮ್ಮೂರಾಗ ಅಲ್ರಿ. ಬ್ಯಾರೆ ದೇಶದಾಗ."

"ಬ್ಯಾರೆ ದೇಶದವರು ಹೊಗಿ ಬಿಟ್ರ ನಮ್ಮ ಹೊಲ ಯಾಕ ಒಣಗಬೇಕು?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು, ನಾಲ್ಕು ಅಂಕಕ್ಕೂ ಗೊತ್ತಿತ್ತು, ಎಂಟು ಅಂಕಕ್ಕೂ ಗೊತ್ತಿತ್ತು. ಆದರೆ ಆ ಕಟ್ಟೆಯ ಮುಂದೆ ನಿಂತಾಗ ನನ್ನ ಉತ್ತರ ಅವರ ನಂಬಿಕೆಗಿಂತ ಹುಚ್ಚಾಗಿ ಕೇಳಿಸಿತು. ಎಲ್ಲಿಯದೋ ಹೊಗೆ ಕಣ್ಣಿಗೆ ಕಾಣದೆ ಆಕಾಶದಲ್ಲಿ ಕೂತು ಇಲ್ಲಿಯ ಜೋಳ ಒಣಗಿಸುತ್ತದೆ ಎನ್ನುವುದಕ್ಕಿಂತ, ಹಳ್ಳದ ದಂಡೆಯಲ್ಲಿ ಮಲಗಿದ ಮುದುಕಿ ಒಣಗಿಸುತ್ತಾಳೆ ಎನ್ನುವುದು ಹೆಚ್ಚು ನಿಜದ ಹಾಗಿತ್ತು.

ಗೌಡರು ನನ್ನನ್ನು ಕರುಣೆಯಿಂದಲೇ ನೋಡಿದರು. "ನೀನ ಹೇಳಿದಿ ಅಲ್ಲವಾ ಧ್ವಜದ ದಿನ? ಮಳಿ ಹೋಗಿದ್ದು ಮನಷ್ಯಾನ ತಪ್ಪಿಗೆ, ಹುಡುಕಿ ತಿದ್ದಬೇಕು, ನಮ್ಮೂರಿಂದನ ಸುರು ಆಗಬೇಕು ಅಂತ. ನಾವೇನು ನಿನ್ನ ಮಾತು ಮೀರಿಲ್ಲ. ಹುಡುಕೇವಿ."

ಕಟ್ಟೆಯ ಮೇಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ತಮಾಷೆಗಲ್ಲ, ನಿಜವಾಗಿಯೂ ಒಪ್ಪಿ ತಲೆಯಾಡಿಸಿದರು. ಜಗತ್ತಿನಲ್ಲಿ ಮಳೆ ಓಡಿಸಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಮ್ಮ ಆಯಿ ಕಟ್ಟಕಡೆಗೆ ನಿಲ್ಲುತ್ತಾಳೆ. ಬರಿಗಾಲಲ್ಲಿ ನಡೆದವಳು, ಬಿದ್ದ ಸೌದೆ ಆಯ್ದು ಒಲೆ ಹಚ್ಚಿದವಳು, ಒಂದು ಸೀರೆ ಹರಿಯುವ ತನಕ ಇನ್ನೊಂದು ಉಡದವಳು. ಶಿಕ್ಷೆಗೆ ಮಾತ್ರ ಸಾಲಿನ ಮೊದಲಿಗೆ ಅವಳು. ಮೇಲಿನ ಓಣಿಯವರು ನಮ್ಮ ಮನೆಯ ಮದುವೆಗೆ ಬಂದವರಲ್ಲ, ಸಾವಿಗೆ ಬಂದವರಲ್ಲ. ಕುಣಿ ಅಗೆಯಲು ಬರುತ್ತೇವೆ ಎನ್ನುತ್ತಿದ್ದರು.

ಅಪ್ಪ ಕೈಜೋಡಿಸಿದ. "ಹಿರ್ಯಾರು ಹೆಂಗ ಹೇಳ್ತೀರಿ ಹಂಗ ರೀ" ಎಂದ.

ದಾರಿಯಲ್ಲಿ ನಾನು ಅಪ್ಪನ ಜೇಬಿನಿಂದ ಮೊಬೈಲು ತೆಗೆದು ಪೊಲೀಸರಿಗೆ ಫೋನು ಹಚ್ಚಲು ಹೋದೆ. ಅಪ್ಪ ಕೈಯಿಂದ ಕಸಿದುಕೊಂಡ. ಅವನು ನನ್ನ ಕೈಯಿಂದ ಏನನ್ನಾದರೂ ಕಸಿದುಕೊಂಡದ್ದು ಅದೇ ಮೊದಲು.

"ಪೊಲೀಸರು ಬರ್ತಾರ, ಹೋಗ್ತಾರ. ಆಮ್ಯಾಲೆ ನಮ್ಮನ್ನ ಕೂಲಿಗೆ ಯಾರು ಕರೀತಾರ? ಮಳಿ ಬರದಿದ್ರ ಇಡೀ ಓಣಿ ಮ್ಯಾಲ ಬರ್ತೈತಿ ಸಮತಾ. ಊರಾಗ ಬಾಳೇ ಮಾಡಬೇಕವ್ವ."

"ಆಕಿ ನಿನ್ನ ಹಡದಾಕಿ ಅಪ್ಪಾ."

"ಗೊತ್ತೈತಿ" ಎಂದ. "ಸತ್ತಾಕಿಗೆ ಏನೂ ನೋವಾಗಂಗಿಲ್ಲ. ಇರಾಕತ್ತವರು ನಾವು."

ಮರುದಿನ ಶಾಲೆಯಲ್ಲಿ ಪ್ರಾಣೇಶ ಸರ್ ಸಿಕ್ಕಿದ ಕೂಡಲೇ ಎಲ್ಲವನ್ನೂ ಹೇಳಿದೆ. ಸರ್ ಬಂದು ಗೌಡರ ಹತ್ತಿರ ಒಂದು ಮಾತು ಆಡಿದರೆ ಸಾಕು, ನಿಲ್ಲುತ್ತದೆ ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ಊರಿನವರಿಗೆ ಓದಿದವರ ಮಾತೆಂದರೆ ಗೌರವ. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನಾ ಹೊರಗಿನಾಂವ ಇದ್ದೇನವಾ. ನಾ ಹೋಗಿ ಮಾತಾಡಿದ್ರ, ನಿಮ್ಮ ಹೋಮ ಹವನ ಬಿಟ್ಟ ನಮ್ಮ ನಂಬಿಕಿಗೆ ಯಾಕ ಬಂದ್ರಿ ಅಂತಾರ. ಮತ್ತ ಇದು ಶ್ರದ್ಧಾದ ವಿಷಯ ಅದ."

"ಸರ್ರ, ಭಾಷಣ ನೀವ ಬರದು ಕೊಟ್ರಿ. ಅದನ್ನ ಹಿಡಕೊಂಡು ಮಾತಾಡಾಕತ್ತಾರ್ರಿ."

ಸರ್ ಮುಖ ಸಣ್ಣದಾಯಿತು. "ಹಂಗ ನೋಡಿದ್ರ ನಮ್ಮಲ್ಲಿ ಸುಡೋದ ಪದ್ಧತಿ. ಸುಟ್ರ ತಪ್ಪೇನದ ಹೇಳು? ಎಲ್ಲಾ ಪಂಚಭೂತದಾಗ ಕೂಡತಾವ" ಎಂದರು.

"ಸುಟ್ರ ಇಂಗಾಲದ ಡೈಆಕ್ಸೈಡ್ ಬರ್ತೈತ್ರಿ ಸರ್" ಎಂದೆ.

ಅದು ತಮಾಷೆಯೋ ಸಿಟ್ಟೋ ನನಗೇ ತಿಳಿಯಲಿಲ್ಲ. ಸರ್ ನಗಲಿಲ್ಲ. ಗಂಟೆ ಹೊಡೆಯಿತು. ಅವರು ಹಾಜರಿ ಪುಸ್ತಕ ಎತ್ತಿಕೊಂಡು ಎಂಟನೆಯ ತರಗತಿಗೆ ಹೋದರು. ಆಚೆ ಹೋಗಿ ಬೋರ್ಡಿನ ಮೇಲೆ ಏನು ಬರೆದರೋ, ದ್ಯುತಿಸಂಶ್ಲೇಷಣೆಯೋ ಏನೋ.

ಶ್ರಾವಣದ ಕೊನೆಯ ಸೋಮವಾರ ಹೊತ್ತು ನೆತ್ತಿಗೆ ಬಂದಾಗ ಅಗೆಯುವುದೆಂದು ಗೊತ್ತಾಯಿತು. ಹೆಂಗಸರು ಬರಬಾರದು ಎಂದಿದ್ದರು. ಅವ್ವ ಶಂಕ್ರವ್ವ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಕೂತಳು. ನಾನು ಹಿತ್ತಲಿನಿಂದ ದಾಟಿ, ಹಳ್ಳಕ್ಕೆ ಇಳಿಯುವ ದಾರಿಯ ಜಾಲಿ ಗಿಡದ ಹತ್ತಿರ ನಿಂತೆ. ಅಂಬರೀಶನನ್ನು ತಡೆದು ನಿಲ್ಲಿಸಬೇಕೆಂದಿದ್ದೆ. ಒಬ್ಬ ಹುಡುಗ, ಅದೂ ಮೇಲಿನ ಓಣಿಯ ಹುಡುಗ, ಎದ್ದು ನಿಂತು ಇದು ಸುಳ್ಳು ಎಂದರೆ ಗೌಡರು ಒಂದು ಗಳಿಗೆಯಾದರೂ ಅಳುಕುತ್ತಾರೆ. ಅವನಿಗೆ ಎಲ್ಲ ಗೊತ್ತು. ಅವನು ನನ್ನ ಜೊತೆ ನಿಲ್ಲುತ್ತಾನೆ.

ಅಂಬರೀಶ ಬಂದ. ತಲೆಯ ಮೇಲೆ ಸೆಗಣಿ ಕುಳ್ಳಿನ ಬುಟ್ಟಿ ಇತ್ತು. ಆಯಿಯನ್ನು ಸುಡಲಿಕ್ಕೆ ಅವರ ಮನೆಯ ಕುಳ್ಳು.

"ಇಳಸು ಅದನ್ನ" ಎಂದೆ.

ಅವನು ಇಳಿಸಲಿಲ್ಲ. ನಿಂತ.

"ನೀನ ಹೇಳು ಅಂಬರೀಶ. ನಮ್ಮ ಆಯಿ ಹೆಣಕ್ಕೂ ಮಳಿಗೂ ಏನು ಸಂಬಂಧ ಐತಿ?"

"ಏನೂ ಇಲ್ಲ."

"ಮತ್ತ?"

"ಏನೂ ಇಲ್ಲ ಅಂತ ನನಗ ಗೊತ್ತೈತಿ ಸಮತಾ. ಆದ್ರ ನಮ್ಮಪ್ಪ ದಿನಾ ಹೊಲದಾಗ ಹೋಗಿ ನಿಂತು ನಿಂತು ಬರ್ತಾನ. ಊಟ ಬಿಟ್ಟಾನ. ಗೊಂಜಾಳ ಹಿಡಿದ್ರ ಕೈಯಾಗ ಪುಡಿ ಆಗಾಕತ್ತೈತಿ. ಅವಂಗ ನಾ ಏನಂತ ಹೇಳ್ಲಿ? ಅಮೇರಿಕಾದವರು ಹೊಗಿ ಬಿಡೂದು ನಿಲ್ಲಸತಾರ, ತಡಿ ಅಂತ ಹೇಳ್ಲ್ಯಾ? ನಿನ್ನ ಇಂಗಾಲದ ಡೈಆಕ್ಸೈಡ್‌ನ ನಾ ಎಲ್ಲಿ ಹೋಗಿ ಹಿಡಕೊಂಡ ಬರ್ಲಿ? ಅದು ಕೈಗೆ ಸಿಗಂಗಿಲ್ಲ. ನಿಮ್ಮ ಆಯಿ ಇಲ್ಲೇ ಅದಾಳ."

ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಲು ಕೈಗೆ ಬಿಡುವಿರಲಿಲ್ಲ.

"ಏನರ ಒಂದು ಮಾಡಬೇಕಲ್ಲ. ಸುಮ್ನ ಕುಂತ್ರ ಹುಚ್ಚ ಹಿಡಿತೈತಿ" ಎಂದು ಹೇಳಿ, ನನ್ನ ಪಕ್ಕದಿಂದ ದಾಟಿ ಹೋದ. ಬುಟ್ಟಿಯಿಂದ ಒಂದು ಕುಳ್ಳು ಬಿತ್ತು. ಅವನು ತಿರುಗಿ ನೋಡಲಿಲ್ಲ, ನಾನೂ ಎತ್ತಿಕೊಡಲಿಲ್ಲ.

ಅಲ್ಲಿ ಏನಾಯಿತು ಎಂದು ಪೂರ್ತಿ ಹೇಳಲಾರೆ. ಹಾರೆಯ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಮೂಗಿಗೆ ಟಾವೆಲು ಕಟ್ಟಿಕೊಂಡರು. ಯಾರೋ ಕಣಗಿಲೆಯ ಗಿಡವನ್ನು ಕಿತ್ತು ಪಕ್ಕಕ್ಕೆ ಎಸೆದರು; ಅದು ಆ ಬರದಲ್ಲೂ ನಾಲ್ಕು ಎಲೆ ಚಿಗುರಿತ್ತು. ಬೆಂಕಿ ಕೊಡುವವನು ಮಗನೇ ಆಗಬೇಕು ಎಂದು ಅಪ್ಪನ ಕೈಗೆ ಕೊಳ್ಳಿ ಕೊಟ್ಟರು. ಅಪ್ಪ ಬೆಂಕಿ ಕೊಟ್ಟ. ಹೊಗೆ ಸ್ವಲ್ಪವೂ ಬಾಗದೆ ನೆಟ್ಟಗೆ ಮೇಲಕ್ಕೆ ಹೋಯಿತು. ಊರಿನವರೆಲ್ಲ ಕುತ್ತಿಗೆ ಎತ್ತಿ ಅದನ್ನೇ ನೋಡಿದರು. ಅಂಬರೀಶನೂ ನೋಡುತ್ತಿದ್ದ. ನಮ್ಮ ಗಾಜಿನ ಪೆಟ್ಟಿಗೆಯೊಳಗಿನ ಊದುಬತ್ತಿ ಹೊಗೆಯನ್ನೂ ಅವನು ಹೀಗೆಯೇ ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಏನೋ ಬಂತು, ಅದಕ್ಕೆ ಹೆಸರು ಗೊತ್ತಿಲ್ಲ.

ನಾಲ್ಕೈದು ದಿನಕ್ಕೆ ಮಳೆ ಬಂತು.

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟೀವಿಯಲ್ಲಿ ಹಿಂದಿನ ದಿನವೇ ಹೇಳಿದ್ದರು. ಮೊದಲ ಹನಿ ಹಂಚಿನ ಮೇಲೆ ಬಿದ್ದಾಗ ನನಗೆ ಸಂತೋಷವಾಯಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ಮೈಯೆಲ್ಲ ಸಂತೋಷವಾಯಿತು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮಳೆ ನಮ್ಮೂರಿಗೆ ಮಾತ್ರ ಬರಲಿಲ್ಲ. ಹಾನಗಲ್ಲಿಗೆ ಬಂತು, ಹಿರೇಕೆರೂರಿಗೆ ಬಂತು, ಶಿಗ್ಗಾವಿಗೆ, ಸವಣೂರಿಗೆ ಎಲ್ಲ ಕಡೆಗೂ ಬಂತು. ಆ ಊರುಗಳಲ್ಲಿ ಯಾರ ಆಯಿಯನ್ನು ಅಗೆದಿದ್ದರು? ಈ ಪ್ರಶ್ನೆಯನ್ನು ಕೇಳಲು ಊರಿನಲ್ಲಿ ಯಾರಿಗೂ ಬಿಡುವಿರಲಿಲ್ಲ. ಎಲ್ಲರೂ ಹೊಲದಲ್ಲಿದ್ದರು.

ಗೌಡರ ಮನೆಯಿಂದ ಒಂದು ಮೊರದ ತುಂಬ ಅಕ್ಕಿ, ಬೆಲ್ಲ ಬಂತು. ತಂದವಳು ಹೊಸ್ತಿಲ ಹೊರಗೆ ಇಟ್ಟು, "ನಿಮ್ಮಿಂದ ಊರು ಉಳೀತು ಅಂದ್ರು ಗೌಡ್ರು" ಎಂದು ಹೇಳಿ ಹೋದಳು. ಅವ್ವ ಹುಗ್ಗಿ ಮಾಡಿದಳು. ಅಪ್ಪ ತಾಟಿನ ಮುಂದೆ ಕೂತು ಕೈ ಹಾಕದೆ ಹೊರಗಿನ ಮಳೆ ನೋಡುತ್ತಿದ್ದ.

"ಬಂತಲ್ಲವ್ವ ಸಮತಾ" ಎಂದ. "ಅಂದ್ರ ಖರೇನ ನಮ್ಮದ ತಪ್ಪಿತ್ತೇನು?"

ನಾನು ವಾಯುಭಾರ ಕುಸಿತದ ಬಗ್ಗೆ ಹೇಳಿದೆ. ತಾಟಿನ ಮೇಲೆ ಬೆರಳಿನಿಂದ ಸಮುದ್ರ ಬರೆದು, ಗಾಳಿ ಬರೆದು, ಹಾನಗಲ್ಲು ಬರೆದು ತೋರಿಸಿದೆ. ಅಪ್ಪ ಕೊನೆಯ ತನಕ ಕೇಳಿದ. "ಇರಬಹುದವ್ವ, ನಿಂದೂ ಖರೆ ಇರಬಹುದು" ಎಂದ. ಮೊದಲೆಲ್ಲ ನಾನು ಹೇಳಿದ್ದು ಅವನಿಗೆ ಖರೆಯೇ, ಇರಬಹುದು ಎಂದವನಲ್ಲ. ಊರು ಆಯಿಯನ್ನು ಮಣ್ಣಿನಿಂದ ತೆಗೆದಿತ್ತು, ಆ ಮಳೆ ಅವಳನ್ನು ಅಪ್ಪನ ಮನಸ್ಸಿನಿಂದಲೂ ತೆಗೆದು ತಪ್ಪಿತಸ್ಥಳನ್ನಾಗಿ ಕೂರಿಸಿತು. ನನಗೆ ಅಂದು ಮಳೆಯ ಮೇಲೆ ದ್ವೇಷ ಹುಟ್ಟಿತು.

ಆ ತಿಂಗಳ ಕಿರುಪರೀಕ್ಷೆಯಲ್ಲಿ 'ಮಾನ್ಸೂನ್ ವೈಫಲ್ಯಕ್ಕೆ ಕಾರಣಗಳನ್ನು ಬರೆಯಿರಿ' ಎಂಬ ಪ್ರಶ್ನೆ ಬಂತು. ನಾನೂ ಅಂಬರೀಶನೂ ಒಂದೇ ಉತ್ತರ ಬರೆದೆವು. ಇಬ್ಬರಿಗೂ ಪೂರ್ತಿ ಅಂಕ ಬಂತು. ಪ್ರಾಣೇಶ ಸರ್ ಪೇಪರು ಕೊಡುವಾಗ ನನ್ನ ಮುಖ ನೋಡಲಿಲ್ಲ.

ಶಾಲೆ ಬಿಟ್ಟ ಮೇಲೆ ಅಂಬರೀಶ ಹಿಂದೆ ಹಿಂದೆ ಬಂದ.

"ನನಗ ಭಾಳ ಕೆಟ್ಟ ಅನಿಸೈತಿ" ಎಂದ. "ಆದ್ರ ಬಂತಲ್ಲ. ಅರ್ಧಾ ಬೆಳಿ ಉಳೀತು. ನಮ್ಮಪ್ಪ ಉಣ್ಣಾಕತ್ತಾನ."

"ಮುಂದಿನ ವರ್ಷ ಬರದಿದ್ರ?"

ಅವನು ಯೋಚಿಸಿದ. ನಿಜವಾಗಿಯೂ ನಿಂತು ಯೋಚಿಸಿದ. ಗಾಜಿನ ಪೆಟ್ಟಿಗೆಯಲ್ಲಿ ಪಾದರಸ ಏರದಿದ್ದಾಗ, ತೂತು ಎಲ್ಲಿದೆ ಎಂದು ಹೀಗೆಯೇ ಹುಬ್ಬು ಗಂಟಿಕ್ಕಿ ಹುಡುಕುತ್ತಿದ್ದ.

"ಯಾರರ ಸಿಗ್ತಾರ ಬಿಡು" ಎಂದ.

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು ಎಂದು ಕಾಣುತ್ತದೆ. ಸೈಕಲ್ಲು ಹತ್ತಿ ಹೋಗಿಬಿಟ್ಟ. ಆಮೇಲೆ ನಾವು ಮಾತಾಡಿಲ್ಲ.

ಈಗ ನಾನು ಶಾಲೆಗೆ ಅಂಗಿಯ ಮೇಲೆ ಉದ್ದ ತೋಳಿನ ಸ್ವೆಟರು ಹಾಕಿಕೊಂಡು ಹೋಗುತ್ತೇನೆ. ಇಂಥ ಸೆಕೆಯಲ್ಲಿ ಸ್ವೆಟರು ಯಾಕೆ ಎಂದು ಕೇಳಿದವರಿಗೆ ಜ್ವರ ಎನ್ನುತ್ತೇನೆ. ಕೊತ್ತಂಬರಿ ಬೀಜದಷ್ಟಿದ್ದದ್ದು ಈಗ ಹುಣಸೆ ಬೀಜದಷ್ಟಾಗಿದೆ, ಅದರ ಕೆಳಗೆ ಇನ್ನೊಂದು ಹುಟ್ಟಿದೆ. ಊರಿನವರಿಗೆ ಮುಂದಿನ ವರ್ಷ ಮಳೆ ಸರಿಯಾಗಿ ಬರುತ್ತದೆ ಎಂದು ನಂಬಿಕೆ, ತಪ್ಪು ತಿದ್ದಿಯಾಗಿದೆಯಲ್ಲ. ಆ ನಂಬಿಕೆ ಇಲ್ಲದವಳು ಇಡೀ ಊರಿಗೆ ನಾನೊಬ್ಬಳೇ. ಇಂಥ ವರ್ಷಗಳು ಇನ್ನು ಮೇಲೆ ಮೇಲೆ ಬರುತ್ತವೆ, ಒಂದು ವರ್ಷ ಕೊಚ್ಚಿಕೊಂಡು ಹೋಗುವಷ್ಟು, ಇನ್ನೊಂದು ವರ್ಷ ಹನಿಯೂ ಇಲ್ಲ ಎಂದು ನಾನು ಓದಿದ್ದೇನೆ. ಓದಿದ್ದಕ್ಕೆ ಸಿಕ್ಕ ಫಲ ಇದು.

ನಿನ್ನೆ ಸಂಜೆ ಅಪ್ಪ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತು ಸ್ವೆಟರಿನ ತೋಳು ಮೇಲಕ್ಕೆ ಏರಿಸಿದೆ. ಅಪ್ಪ ನೋಡಿದ. ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದ, ಆಯಿ ತಿಕ್ಕಿದ ಹಾಗೆ.

"ಯಾವಾಗಿಂದ?"

"ಆಯಿಗೆ ಗೊತ್ತಿತ್ತು."

ಅಪ್ಪ ಹೆಬ್ಬೆರಳನ್ನು ಆ ಕಲೆಯ ಮೇಲಿಂದ ತೆಗೆಯಲಿಲ್ಲ.

"ಅಪ್ಪಾ, ನಾ ಯಾವಾಗ ಸತ್ರೂ ನನ್ನ ಹುಗಿಬ್ಯಾಡ. ಅವತ್ತ ಸುಟ್ಟಬಿಡು."

"ಹುಚ್ಚಿ, ದೀಪಾ ಹಚ್ಚೂ ಹೊತ್ತಿನಾಗ ಎಂಥಾ ಮಾತು" ಎಂದ. "ನೀ ಓದಿದಾಕಿ. ನೀನೂ ಇದನ್ನ ನಂಬತೀಯೇನು?"

"ಇಲ್ಲಪ್ಪಾ. ಆದ್ರ ಮಳಿ ಹೋಗೂ ವರ್ಷ ಇನ್ನೂ ಬರ್ತಾವ. ಅದು ನನಗ ಗೊತ್ತೈತಿ."

ಅಪ್ಪ ಓಣಿಯ ಆ ಕಡೆ ಈ ಕಡೆ ನೋಡಿದ. ಆಮೇಲೆ ಸ್ವೆಟರಿನ ತೋಳನ್ನು ಮಣಿಕಟ್ಟಿನ ತನಕ ಕೆಳಗೆ ಎಳೆದು, ಅದರ ಮೇಲೆ ತನ್ನ ಕೈ ಇಟ್ಟು ಕೂತ.